ಹೆಬ್ಬೆಟ್ಟು

ಶಿವಮೊಗ್ಗ, ಆಟೋ ಕಾಂಪ್ಲೆಕ್ಸು. ನನ್ನ ಲೇತು
ಹೆಚ್ಚುಕಡಿಮೆ ನನ್ನ ವಯಸ್ಸಿನದೇ.
ಈ ಸಲ ಕಲಿಯುವವರಿಗೂ ಸರ್ಕಾರ ಕಾಸು ಕೊಡುತ್ತದಂತೆ.
ನಾನು ಕಲಿಯುವಾಗ
ಭದ್ರಾವತಿಯ ಸೆಲ್ವರಾಜ್ ಮೇಸ್ತ್ರಿ ಕೊಟ್ಟಿದ್ದು
ಬೆಳಿಗ್ಗೆ ಒಂದು ಬನ್ನು,
ಅಳತೆ ತಪ್ಪಿದರೆ ತಲೆಗೆ ಸ್ಪ್ಯಾನರು.

ಗಾಡಿಕೊಪ್ಪದ ಮುಬೀನಾ ಬಂದಿದ್ದಾಳೆ, ಐಟಿಐ ಮುಗಿಸಿ.
ಥ್ರೆಡ್ ಹೊಡೆಯುವಾಗ ಉಸಿರು ಹಿಡಿಯುತ್ತಾಳೆ.
"ಉಸಿರು ಬಿಡು ಮಗಾ, ಕಬ್ಬಿಣಕ್ಕೆ ಗೊತ್ತಾಗುತ್ತೆ."
ಸುರುಳಿ ನೀಲಿಗೆ ತಿರುಗಿದರೆ ಬಿಸಿ ಜಾಸ್ತಿ:
ಇದು ಅವಳ ಪುಸ್ತಕದಲ್ಲೂ ಇತ್ತಂತೆ.
ವಾಸನೆ ಇರಲಿಲ್ಲವಂತೆ.

ಇಲಾಖೆಯ ಹುಡುಗ ಪುಟ್ಟ ಪೆಟ್ಟಿಗೆ ತಂದ.
ಅವಳ ಹೆಬ್ಬೆಟ್ಟಿಗೆ ತಟ್ಟನೆ ಹಸಿರು ದೀಪ.
ನನ್ನದಕ್ಕೆ ಕೆಂಪು.
ಒರೆಸಿ ಇಟ್ಟೆ, ಸೀಮೆಎಣ್ಣೆಯಲ್ಲಿ ತೊಳೆದು ಇಟ್ಟೆ,
ಕೆಂಪು.
"ಗೆರೆನೇ ಇಲ್ವಲ್ಲ ಸಾರ್,
ಕಲಿಸೋರು ನೀವೇ ಅಂತ ಹೆಂಗೆ ನಂಬೋದು?"

ಮೂವತ್ತೆಂಟು ವರ್ಷದ ಗೆರೆ ಕಣಪ್ಪಾ,
ಯಾರ ಟಿಲ್ಲರಿನ ಶಾಫ್ಟಿನಲ್ಲಿ,
ಕೊಪ್ಪದ ಯಾವ ಬಸ್ಸಿನ ಬುಷ್ಷಿನಲ್ಲಿ
ತಿರುಗುತ್ತಿದೆಯೋ.

ಮುಬೀನಾ ನಗಲಿಲ್ಲ.
ತನ್ನ ಹೆಬ್ಬೆಟ್ಟನ್ನು ಬೆಳಕಿಗೆ ಹಿಡಿದು
ಒಂದು ಸಲ ನೋಡಿಕೊಂಡಳು,
ಆಮೇಲೆ ಚಕ್ಕಿನ ಕೀಲಿ ಎತ್ತಿಕೊಂಡಳು.