ಮತ್ತೆ ಮಂಗಳವಾರ

ಮಂಗಳವಾರ ಸಂಜೆ ಆರಕ್ಕೆ ಆಕ್ಲೆಂಡ್ ಬಿಟ್ಟೆವು.
ಸ್ಯಾಂಟಿಯಾಗೊ ಮುಟ್ಟಿದಾಗ
ಅದೇ ಮಂಗಳವಾರ, ಮಧ್ಯಾಹ್ನ ಒಂದು ಗಂಟೆ.
ಹೊರಡುವ ಮೊದಲೇ ತಲುಪಿದ್ದೆವು.
ಮಿಸೆಸ್ ಪಿಹಾಮ ಕಾಗದದ ಲೋಟದ ಮೇಲೆ
ಪೆನ್ನಿನಲ್ಲಿ ಗೀಟೆಳೆದು ವಿವರಿಸಿದರು:
ಸಾಗರದ ನಡುವೆ ಒಂದು ಗೆರೆ, ದಾಟಿದರೆ
ಕಳೆದ ದಿನ ಕೈಗೆ ವಾಪಸ್ಸು.
ಒಂಬತ್ತನೇ ನಂಬರಿನ ಕೇಲಬ್ ಕೇಳಿದ,
"ಹಾಗಾದರೆ ಊಟವೂ ಇನ್ನೊಮ್ಮೆಯೇ?"

ಇಪ್ಪತ್ತಮೂರು ಜನ ನಾವು. ಕಿತ್ತಳೆ ಬಣ್ಣದ ಜಾಕೆಟ್ಟು,
ಬೆನ್ನಿಗೊಂದು ಅಂಕಿ. ನನ್ನದು ಹದಿನೇಳು.
ಎರಡು ವರ್ಷ, ಪ್ರತಿ ಶನಿವಾರ,
ಟೋಕೊರೋವಾದ ಹಾರ್ಡ್‌ವೇರ್ ಅಂಗಡಿಯ ಮುಂದೆ
ಸಾಸೇಜು ಸುಟ್ಟು, ಈರುಳ್ಳಿ ಬಾಡಿಸಿ,
ಬ್ರೆಡ್ಡಿನಲ್ಲಿ ಸುತ್ತಿ ಮಾರಿದ ಹಣ ಇದು.
ಕೂದಲಿನ ಜಿಡ್ಡು ಭಾನುವಾರಕ್ಕೂ ಬಿಡುತ್ತಿರಲಿಲ್ಲ.
ನಮಸ್ಕಾರ, ಧನ್ಯವಾದ, ಶೌಚಾಲಯ ಎಲ್ಲಿದೆ:
ಇಷ್ಟು ಸ್ಪ್ಯಾನಿಷ್ ಬಾಯಿಪಾಠ.

ಹನ್ನೊಂದು ತಾಸು ಕೂತಲ್ಲೇ ಕೂತು ಕಾಲು ಜೋಮು.
ಪಕ್ಕದವಳ ತಲೆ ನನ್ನ ಭುಜದ ಮೇಲೆ ಕುಂಬಳಕಾಯಿ.
ಅರ್ಧವೇ ಇತ್ತು ಆ ರಾತ್ರಿ;
ಕಣ್ಣುಜ್ಜುವುದರೊಳಗೆ ಕಿಟಕಿ ಬಿಳಿಚಿಕೊಂಡಿತು.

ಸಾಮಾನು ಬರುವಲ್ಲಿ ಒಂದು ನಾಯಿ.
ಚಿಕ್ಕದು, ಜೋಲುಕಿವಿ, ಹಸಿರು ಅಂಗಿ ತೊಟ್ಟದ್ದು.
ಎಲ್ಲರ ಚೀಲ ಮೂಸುತ್ತ ಬಂದು
ನನ್ನದರ ಮುಂದೆ ಕುಂಡೆಯೂರಿ ಕೂತುಬಿಟ್ಟಿತು,
ಇನ್ನು ಏಳುವ ಮಾತೇ ಇಲ್ಲ ಎಂಬಂತೆ.

ಫಾರಮ್ಮಿನಲ್ಲಿ ಇಲ್ಲ ಎಂದು ಬರೆದಿದ್ದೆ.
ಹಣ್ಣು? ಇಲ್ಲ. ಬೀಜ? ಇಲ್ಲ. ಜೇನು? ಇಲ್ಲ.
ಕೆಳಗೆ ನನ್ನ ಹೊಸ ಸಹಿ,
ಬಾಲ ಉದ್ದಕ್ಕೆ ಎಳೆದದ್ದು.

ಅಧಿಕಾರಿಯ ಎದೆಪಟ್ಟಿಯಲ್ಲಿ ಯಾಸ್ನಾ ಕುರಿನಾವೊ ಎಂದಿತ್ತು.
ಕೈಗವಸು ತೊಟ್ಟು ಪಕ್ಕದ ಜೇಬಿನ ಜಿಪ್ ಎಳೆದಳು.
ಡೈನೊಸಾರ್ ಚಿತ್ರದ, ಗೇಣುದ್ದದ
ನನ್ನದಲ್ಲದ ಕಾಲುಚೀಲ,
ಅದರೊಳಗೆ ಎರಡು ಫೀಜೋವಾ.
ಸೀಬೆಯ ದಾಯಾದಿ ಅದು, ಮೊಟ್ಟೆಯಾಕಾರ,
ಮಾಗಿದರೂ ಹಸಿರೇ.
ಏಪ್ರಿಲ್ ಬಂತೆಂದರೆ ನಮ್ಮಲ್ಲಿ ಬೇಲಿಯುದ್ದಕ್ಕೂ ಉದುರಿ
ಕೇಳುವವರಿಲ್ಲದೆ ಬಿದ್ದಿರುತ್ತದೆ;
ನೆರೆಯವರು ಬಕೆಟ್ಟಿನಲ್ಲಿ ತುಂಬಿ
ಬಾಗಿಲಲ್ಲಿಟ್ಟು ಓಡಿಹೋಗುತ್ತಾರೆ.

ಆಗ ಹೊಳೆಯಿತು.
ಆಕ್ಲೆಂಡಿನಲ್ಲಿ ಎಲ್ಲರೂ ಫೋಟೋಕ್ಕೆ ನಿಂತಿದ್ದಾಗ
ರೇವಿ ನನ್ನ ಬೆನ್ನ ಹಿಂದೆ ಚೀಲ ತಡಕುತ್ತಿದ್ದ.
ಆರು ವರ್ಷದ ಕೈ.
ಚಾಕಲೇಟಿಗೆ ಎಂದುಕೊಂಡೆ.
ಫಟ್ಟನೆ ಬಿಗಿದೆ. "ಕಳ್ಳ," ಅಂದೆ,
ಎಲ್ಲರ ಎದುರು.
ಅಳಲಿಲ್ಲ ಅವನು. ಕೈಯನ್ನು ಕಂಕುಳಲ್ಲಿ ಸಿಗಿಸಿಕೊಂಡು
ನನ್ನ ಬೂಟು ನೋಡಿದ.
ಫೋಟೋದಲ್ಲೂ ಹಾಗೇ ಇದ್ದಾನೆ.

ಯಾಸ್ನಾ ಏನೇನೋ ಕೇಳಿದಳು. ನನ್ನ ಸ್ಪ್ಯಾನಿಷ್
ಶೌಚಾಲಯದ ಬಾಗಿಲಿಗೇ ನಿಂತಿತು.
ಮಿಸೆಸ್ ಪಿಹಾಮ ಬಂದರು, ಇನ್ನೊಬ್ಬ ಅಧಿಕಾರಿ ಬಂದ,
ಮೂರು ಕಾಗದ, ಎರಡು ಮೊಹರು, ನಲವತ್ತು ನಿಮಿಷ.
ಇಪ್ಪತ್ತೆರಡು ಕಿತ್ತಳೆ ಜಾಕೆಟ್ಟು ನೆಲದ ಮೇಲೆ ಕೂತು
ನನ್ನನ್ನು ಸಾಸೇಜಿನಂತೆ ಮಗುಚಿ ಮಗುಚಿ ಸುಟ್ಟವು.
ಇಟ್ಟವರು ಯಾರು?
ತಮ್ಮ ಎಂಬುದಕ್ಕೊಂದು ಪದ ಗೊತ್ತಿತ್ತು. ಎರ್ಮಾನೊ.
ಹೇಳಿದೆ. ಮತ್ತೊಮ್ಮೆ ಹೇಳಿದೆ.
ಹಣ್ಣನ್ನು ಮೂಗಿನವರೆಗೆ ಒಯ್ದಳು ಯಾಸ್ನಾ,
ನಿಯಮದಲ್ಲಿ ಇರಲಾರದು ಅದು,
ಆಮೇಲೆ ಹಳದಿ ಡಬ್ಬಕ್ಕೆ. ಧಡ್. ಧಡ್.
ಕಾಲುಚೀಲ ಮಾತ್ರ ವಾಪಸ್ಸು ಕೊಟ್ಟಳು. ಒಂದೇ ಕಾಲಿನದು.

ಹಾಸ್ಟೆಲಿನ ಮೆಟ್ಟಿಲಲ್ಲಿ ಕೂತಿದ್ದೇನೆ.
ಎದುರಿನ ಬೇಕರಿಯಲ್ಲಿ ಸಂಜೆಯ ಬ್ರೆಡ್ಡಿಗೆ ಸಾಲು;
ಅಂಟಿಕೊಂಡು ಬೆಂದ ಜೋಡಿಗಳನ್ನು
ಮುರಿದು ತಕ್ಕಡಿಗೆ ಹಾಕುತ್ತಾನೆ ಮುದುಕ.
ಗಂಟೆ ನಾಲ್ಕೂವರೆ.
ಮಂಗಳವಾರದ ನಾಲ್ಕೂವರೆ, ನಾನವನಿಗೆ ಹೊಡೆದ ಹೊತ್ತು,
ಗೆರೆ ದಾಟಿದ್ದಕ್ಕೆ ಎರಡನೇ ಸಲ ಬಂದಿದೆ.
ಹೊತ್ತು ಅದೇ. ಕೈಯೂ ಅದೇ.
ಅಲ್ಲಿ ಬುಧವಾರ ಬೆಳಗಾಗಿ, ಸ್ಕೂಲಿಗೆ ತಡವಾಗಿ,
ಅಮ್ಮ ಅವನ ಕಾಲುಚೀಲ ಹುಡುಕುತ್ತಿರಬೇಕು,
ಒಂದು ಸಿಕ್ಕು, ಒಂದು ಸಿಗದೆ.

ಒಳಗೆ ಎಣಿಕೆ ಶುರುವಾಗಿದೆ.
ಹದಿನಾಲ್ಕು. ಹದಿನೈದು.
ಕಾಲುಚೀಲಕ್ಕೆ ಮೂಗಿಡುತ್ತೇನೆ: ಹಣ್ಣು,
ಕೊಂಚ ರೇವಿಯ ಪಾದ.
ಹದಿನಾರು.
"ಹದಿನೇಳು?"

"ಹದಿನೇಳು?"