ತೂಕ

ಆ ರಾತ್ರಿ ದೀಪದ ಕಂಬಗಳನ್ನು ಕಿತ್ತು ಮಲಗಿಸಿದ್ದರು.
ದ್ಯುರಾನ್ಸ್ ನದಿಯ ಪಕ್ಕದ ರಸ್ತೆಯಲ್ಲಿ
ಮನೆಗಿಂತ ಅಗಲದ ಉಕ್ಕೊಂದು
ನೂರಾರು ಗಾಲಿಗಳ ಮೇಲೆ
ನಡೆಯುವವರ ಜೊತೆಗೇ ನಡೆದು ಬಂತು.
ಊರಲ್ಲಿ ಎಚ್ಚರವಿದ್ದದ್ದು
ಒನೊರೀನಳ ಬ್ರೆಡ್ಡಿನ ಒಲೆ ಮಾತ್ರ.

ತಿರುವಿನಲ್ಲಿ ನಿಂತಿತು. ಗೋಡೆಗೂ ಉಕ್ಕಿಗೂ ಅಂಗೈ ಅಂತರ.
ಅಳೆಯುವವರು ಅಳೆಯುತ್ತಿರಲಿ ಎಂದು
ಕೈ ಕಾಯಿಸಲು ಒಳಗೆ ಬಂದ
ಎನೆಕೊ, ಬಿಲ್ಬಾವೊದ ಹುಡುಗ.

"ಏನಪ್ಪಾ ಅದು?"
"ಸೂರ್ಯನನ್ನಿಡುವ ಪಾತ್ರೆಯ ಒಂದು ಚೂರು."
"ಕರಗೋದಿಲ್ವಾ?"
"ಮುಟ್ಟಗೊಡೋದಿಲ್ಲ. ಅಯಸ್ಕಾಂತ ಹಿಡಿದಿರುತ್ತೆ.
ಮುಟ್ಟಿದರೆ ಬೆಂಕಿಯೇ ತಣ್ಣಗಾಗುತ್ತೆ, ಪಾಪ."

ಹಿಟ್ಟಿನ ಎರಡು ಉಂಡೆ ಎತ್ತಿಕೊಂಡ, ಕೇಳದೆಯೇ.
ಇವರಿಬ್ಬರೂ ಹೈಡ್ರೋಜನ್ ಮನೆತನದ ದಾಯಾದಿಗಳು,
ಒಬ್ಬ ತುಸು ಭಾರ, ಇನ್ನೊಬ್ಬ ಇನ್ನೂ ಭಾರ.
ಇಬ್ಬರಲ್ಲೂ ಒಂದೇ ಬಗೆಯ ವಿದ್ಯುತ್ತು,
ಹತ್ತಿರ ಬಂದಷ್ಟೂ ದೂರ ತಳ್ಳುತ್ತಾರೆ.
ಹದಿನೈದು ಕೋಟಿ ಡಿಗ್ರಿ ಕಾಯಿಸು,
ಆಗ ಓಡುವ ಓಟಕ್ಕೆ ತಡೆಯಿಲ್ಲ,
ಹಟ ಮೀರಿ, ಅಣುವಿಗೂ ಒಳಗಿನ ಸಣ್ಣ ಗೇಣಿನಲ್ಲಿ
ಇನ್ನೊಂದು ಬಲ ಕಾದು ಕೂತಿರುತ್ತೆ:
ಅಪ್ಪಿದರೆ ಮತ್ತೆ ಬಿಡದು.

ಉಂಡೆಗಳು ಒಂದಾದವು. ಹೀಲಿಯಮ್, ಅಂದ.
ಚಿಟಿಕೆ ಹಿಟ್ಟು ಚಿಮ್ಮಿ ಗೋಡೆಗೆ ಅಂಟಿತು.
"ಅದು ನ್ಯೂಟ್ರಾನ್. ಯಾರ ಪಕ್ಷವೂ ಅಲ್ಲ,
ಅಯಸ್ಕಾಂತದ ಬೇಲಿ ಅದಕ್ಕೆ ಕಾಣೋದೇ ಇಲ್ಲ.
ಗಳಿಕೆಯ ಐದರಲ್ಲಿ ನಾಲ್ಕು ಪಾಲು ಹೊತ್ತು ಓಡಿ
ಗೋಡೆ ಕಾಯಿಸುತ್ತೆ, ಗೋಡೆ ನೀರು ಕಾಯಿಸುತ್ತೆ..."
"ಇಷ್ಟೆಲ್ಲ ಮಾಡಿ ಕಡೆಗೆ ನೀರು ಕಾಯಿಸೋದಾ!"
ಅವಳು ನಕ್ಕ ನಗುವಿಗೆ ಹಿಟ್ಟು ಹಾರಿತು.

ಆಮೇಲೆ, ಗೋಡೆ ಒರೆಸುತ್ತ: "ಗಳಿಕೆ ಬಂದದ್ದೆಲ್ಲಿಂದ?"
"ತೂಕದಿಂದ. ಮೊದಲಿಗಿಂತ ಆಮೇಲೆ ಕಡಿಮೆ."
"ಅದು ನನಗೆ ಗೊತ್ತು.
ಮುನ್ನೂರೈವತ್ತು ಗ್ರಾಂ ಒಲೆಗಿಟ್ಟರೆ
ಇನ್ನೂರೆಂಬತ್ತು ಹೊರಗೆ. ಉಳಿದದ್ದು ಆವಿ."
"ಆವಿಯನ್ನು ಹಿಡಿದು ತೂಗಬಹುದು, ಮದಾಮ್.
ಇಲ್ಲಿ ಹೋದದ್ದು ಸಾವಿರಕ್ಕೆ ನಾಲ್ಕರಷ್ಟೂ ಇಲ್ಲ,
ಚೂರಾಗಿ ಎಲ್ಲೂ ಬಿದ್ದಿಲ್ಲ.
ತೂಕವೇ ಓಟವಾಯಿತು."

ಹೊರಗೆ ಸೀಟಿ.
"ಯಾವಾಗ ಹೊತ್ತಿಸ್ತೀರಿ?"
"ನನ್ನ ತಲೆ ನರೆತ ಮೇಲೋ ಏನೋ."
ಬಿಸಿ ಬ್ರೆಡ್ಡೊಂದನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಓಡಿದ,
ದುಡ್ಡು ಕೊಡಲು ಮರೆತ.
ಉಕ್ಕು ಅಂಗೈಯಷ್ಟರಲ್ಲೇ ತಿರುಗಿತು.

ಬೆಳಗಾಯಿತು. ಕಂಬಗಳನ್ನು ಮತ್ತೆ ನೆಡುತ್ತಿದ್ದರು.
ದ್ರಾಕ್ಷಿ ತೋಟದಾಚೆ, ಸೆಕೆಂಡಿಗೆ ನಲವತ್ತು ಲಕ್ಷ ಟನ್
ಲೆಕ್ಕವಿಡದೆ ಕಳಕೊಳ್ಳುತ್ತ ಅದು ಮೇಲೆದ್ದು
ಕಿಟಕಿಯಿಂದ ಒಂದು ಪಟ್ಟಿ ಬಿಸಿಲು
ಒನೊರೀನಳ ತಕ್ಕಡಿ ತಟ್ಟೆಯ ಮೇಲೆ ಇಟ್ಟಿತು.

ಮುಳ್ಳು ಅಲುಗಲಿಲ್ಲ.
ಗಿರಾಕಿ ಎರಡು ಸಲ ಕರೆದರೂ
ಅವಳು ಅದನ್ನೇ ನೋಡುತ್ತಿದ್ದಳು.