ಅಂಚು ಕತ್ತರಿಸುವ ಮುನ್ನ

ಗುಂಡಿಗೆ ಬರಿಗಾಲಲ್ಲಿ ಇಳಿ, ಅಂದಳು ಬೋದಿಲ್.
ಏಪ್ರಿಲ್ ತಿಂಗಳ ಡೆನ್ಮಾರ್ಕು, ಮಣ್ಣಿಗಿನ್ನೂ ಚಳಿ ಬಿಟ್ಟಿಲ್ಲ.
ಕಣ್ಣು ತಪ್ಪಿಸಿದ ಕಲ್ಲು ಕಾಲಿಗೆ ಸಿಕ್ಕೇ ಸಿಗುತ್ತದೆ:
ನಲವತ್ತೊಂದು ಚೂಪುಗಲ್ಲು, ಒಂದು ಮುರುಕು ಚಮಚ.

ಇಪ್ಪತ್ತಾರು ಸೂರುಗಳ ಮಳೆನೀರಿಗೆ ಒಂದು ಚಂದದ ಕೊಳ.
ಪಿವಿಸಿ ಅಗ್ಗ ಎಂದರು ಸಂಘದ ಖಜಾಂಚಿ.
ಬೋದಿಲ್ ಒಂದು ಚೂರು ಮಡಚಿ, ಬಿಡಿಸಿ,
ಮಡಿಕೆಯ ಬಿಳಿ ಗೆರೆ ತೋರಿಸಿದಳು, ಅಷ್ಟೆ.
ರಬ್ಬರು ಬಂತು.

ಉದ್ದ, ಆಳದ ಇಮ್ಮಡಿ, ಅಂಚಿಗೆಂದು ಇನ್ನೊಂದು ಮೀಟರು:
ಲೆಕ್ಕ ನನ್ನದು.
ಅಡಿಗೆ ಹಾಸಲು ಪ್ರೆಬೆನ್ ತಂದದ್ದು
ಮುಚ್ಚಿದ ಚಿತ್ರಮಂದಿರದ ಕೆಂಪು ಜಮಖಾನೆ;
ಕೊಡವಿದರೆ ಈಗಲೂ ಜೋಳದ ಅರಳು.
ಬಿಸಿಲಿಗೆ ಮೆತ್ತಗಾದ ಕಪ್ಪು ಸುರುಳಿಯನ್ನು
ಎಂಟು ಜನ ಹಿಡಿದು ಹರಡಿದೆವು,
ನಿದ್ದೆಹೋದವರಿಗೆ ಹೊದಿಕೆ ಎಳೆದ ಹಾಗೆ,
ಮೆಲ್ಲಗೆ.

ರಾತ್ರಿಯಿಡೀ ಮಳೆ.
ಬೆಳಗಾದರೆ ಕೊಳದ ನಡುವೆ ಕಪ್ಪು ಡುಬ್ಬ,
ಅದರ ಮೇಲೆ ಕುಣಿಯುವ ಮೂರು ಮಕ್ಕಳು.
ಮೇಲಿನ ನೀರು ಇಂಗದಿರಲೆಂದು ಹಾಸಿದ್ದೆವು,
ಕೆಳಗೂ ನೀರಿದೆ, ಅದಕ್ಕೂ ಏಳಬೇಕೆನಿಸೀತು ಎಂಬುದು
ನನ್ನ ಲೆಕ್ಕದಲ್ಲಿ ಇರಲಿಲ್ಲ.

ಬೋದಿಲ್ ಬೈದಳು, ನನ್ನನ್ನೋ ನೀರನ್ನೋ ತಿಳಿಯಲಿಲ್ಲ.
ಅರ್ಧ ಮಡಚಿ, ಜಮಖಾನೆ ಎತ್ತಿ,
ತೂತಿನ ಕೊಳವೆಯೊಂದನ್ನು ಹೂತು
ಕೆಳಗಿನದಕ್ಕೂ ಒಂದು ದಾರಿ ಬಿಟ್ಟೆವು.

ಈಗ ತುಂಬುತ್ತಿದೆ.
ಕತ್ತರಿ ಜೇಬಲ್ಲೇ ಇರಲಿ, ಅನ್ನುತ್ತಾಳೆ,
ನೀರು ಮೊದಲು ಕೂರಬೇಕು.
ಹುಲ್ಲಿನ ಮೇಲೆ ಚಾಚಿದ ರಬ್ಬರಿನ ಅಂಚು
ನಾನು ನೋಡದಾಗ
ಒಂದೊಂದು ಬೆರಳು ಒಳಗೆ ಸರಿಯುತ್ತಿದೆ.